ಬೆಲ್ಲ ಕಚ್ಚುತ್ತಾನೆ, ಅಗೆಯುತ್ತಾನೆ, ಸಂಜೆಯಾದರೆ ಸಿಕ್ಕಾಪಟ್ಟೆ ಓಡುತ್ತಾನೆ: ಟೆರಿಯರ್ ಮರಿ ನಮ್ಮ ಮನೆಗೆ ಸರಿಹೋಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕಿ. ಸೇಡಂ ರಸ್ತೆ ಕಡೆ ನಮ್ಮ ಮನೆ. ಮಗಳು ಐದನೇ ಕ್ಲಾಸ್, ಮಗನಿಗೆ ನಾಲ್ಕು ವರ್ಷ. ಮಕ್ಕಳ ಆಸೆಗೆ ಹೈದರಾಬಾದ್‌ನಿಂದ ಜ್ಯಾಕ್ ರಸೆಲ್ ಟೆರಿಯರ್ ಗಂಡು ಮರಿ ತಂದೆವು. ತಂದಾಗ 45 ದಿನ, ಈಗ ಎರಡೂವರೆ ತಿಂಗಳು. ಕಣ್ಣಿನ ಸುತ್ತ ಕಂದು ಮಚ್ಚೆ ಇದೆ ಅಂತ ಮಗಳು ಬೆಲ್ಲ ಅಂತ ಹೆಸರಿಟ್ಟಳು. ಮೊದಲ ವಾರ ಮನೆಯಲ್ಲಿ ಹಬ್ಬವೇ. ಈಗ ಭಯ ಶುರುವಾಗಿದೆ. ಕೈಕಾಲು ಕಚ್ಚುತ್ತಾನೆ. ಮೊನ್ನೆ ಮಗನ ಕೈಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು, ಅತ್ತೆ ಅರಿಶಿನ ಹಚ್ಚಿದರು. ತುಳಸಿ ಕುಂಡದ ಮಣ್ಣೆಲ್ಲ ಕೆದರಿದ್ದಾನೆ. ಸಂಜೆ ಇದ್ದಕ್ಕಿದ್ದಂತೆ ಮನೆ ತುಂಬ ಸುತ್ತು ಹಾಕುತ್ತಾ ಓಡುತ್ತಾನೆ, ತಲೆ ಕೆಟ್ಟಿದೆಯೇನೋ ಅನಿಸುತ್ತದೆ. ಪಕ್ಕದ ಮನೆಯವರು "ಟೆರಿಯರ್ ಅಂದ್ರ ಪಿಟ್‌ಬುಲ್ ಜಾತಿ, ಸರ್ಕಾರ ಬ್ಯಾನ್ ಮಾಡ್ಯದ" ಅಂತಾರೆ. ಅತ್ತೆ "ನಾಯಿ ಕೂದಲ ಹೊಟ್ಟ್ಯಾಗ ಹೋದ್ರ ಕೂಸಿಗೆ ರೋಗ ಬರ್ತದ" ಅಂತಾರೆ. ನಾವು ಸಸ್ಯಾಹಾರಿಗಳು, ಹಾಲು-ರೊಟ್ಟಿ ಹಾಕುತ್ತಿದ್ದೇವೆ, ಆಗಾಗ ಭೇದಿ ಆಗುತ್ತದೆ. ಮಾರಿದವರು ಒಂದು ಇಂಜೆಕ್ಷನ್ ಆಗಿದೆ ಅಂದರು, ಕಾರ್ಡ್ ಕೊಡಲಿಲ್ಲ. ಬೇಸಿಗೆ ಬೇರೆ ಬರುತ್ತಿದೆ. ಯಜಮಾನರು ಜೇವರ್ಗಿ ಕಡೆ ಇರುವ ನಮ್ಮ ಹೊಲದಲ್ಲಿ ಬಿಟ್ಟುಬರೋಣ ಅನ್ನುತ್ತಿದ್ದಾರೆ. ಮಗಳು ಅಳುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಟೀಚರ್, ಉಳಿದ ಮಾತೆಲ್ಲ ಆಮೇಲೆ. ಮೊದಲು ಮಗನ ಕೈ. ಇವತ್ತೇ ಅವನನ್ನು ಸರ್ಕಾರಿ ಆಸ್ಪತ್ರೆಗೋ ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರಕ್ಕೋ ಕರೆದುಕೊಂಡು ಹೋಗಿ. ಹಲ್ಲು ತಾಗಿ ರಕ್ತ ಬಂತು, ಮರಿಗೆ ಇನ್ನೂ ರೇಬಿಸ್ ಲಸಿಕೆ ಆಗಿಲ್ಲ ಅಂತ ಎರಡನ್ನೂ ಹೇಳಿ. ಮನೆಯ ಮರಿ ತಾನೇ, ಏನಾಗುತ್ತದೆ ಅಂತ ನಾವು ನಾವೇ ತೀರ್ಮಾನ ಮಾಡಬಾರದು. ನಿಮ್ಮ ಬೆಲ್ಲನಿಗೆ ರೇಬಿಸ್ ಇದೆ ಅಂತ ನಾನು ಹೇಳುತ್ತಿಲ್ಲ, ಇರುವ ಸಾಧ್ಯತೆ ತುಂಬಾ ಕಡಿಮೆ. ಆದರೆ ನಿಮ್ಮ ಮನೆಗೆ ಬರುವ ಮೊದಲು ಅವನು ಎಲ್ಲಿದ್ದ, ಯಾವ ನಾಯಿ ಹತ್ತಿರ ಬಂದಿತ್ತು ಅಂತ ನಮಗೆ ಗೊತ್ತಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ಔಷಧಿ ಇಲ್ಲ. ಮುಂದೆಂದಾದರೂ ಹೀಗಾದರೆ ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, 15 ನಿಮಿಷ ತೊಳೆಯಿರಿ. ಆಮೇಲೆ ಡಾಕ್ಟರ್ ಹತ್ತಿರ ಹೋಗಿ.

ಈಗ ನಿಮ್ಮ ಚಿಂತೆಗೆ ಬರೋಣ. ಮರಿ ತಂದ ಮೊದಲ ವಾರ ಹಬ್ಬ, ಮೂರನೇ ವಾರದಲ್ಲಿ "ಯಾಕಾದರೂ ತಂದೆವೋ" ಅನ್ನುವುದು ಬಹಳ ಮನೆಗಳಲ್ಲಿ ಆಗುವ ಮಾತು. ನಮ್ಮ ಕ್ಲಿನಿಕ್‌ಗೆ ಹೀಗೆ ಕಣ್ಣು ಕೆಂಪು ಮಾಡಿಕೊಂಡು ಬರುವ ತಾಯಂದಿರು ಜಾಸ್ತಿ. ಮರಿ ಕೆಟ್ಟದ್ದು ಅಂತಲ್ಲ. ಬಂದ ಹೊಸದರಲ್ಲಿ ಅದು ಹೊಸ ಜಾಗಕ್ಕೆ ಹೆದರಿ ಸುಮ್ನೆ ಇರುತ್ತದೆ. ಈಗ ಧೈರ್ಯ ಬಂದಿದೆ, ತನ್ನ ನಿಜವಾದ ಗುಣ ತೋರಿಸುತ್ತಿದೆ. ಆ ಗುಣ ಏನು ಅಂತ ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಈ ತಳಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನದು. ಡೆವನ್ ಪ್ರಾಂತ್ಯದಲ್ಲಿ ಜಾನ್ ರಸೆಲ್ ಎಂಬ ಪಾದ್ರಿ ಇದ್ದರು, ನರಿ ಬೇಟೆಯ ಹುಚ್ಚು ಅವರಿಗೆ. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಹಾಲು ಮಾರುವವನಿಂದ ಕೊಂಡ ಟ್ರಂಪ್ ಎಂಬ ಹೆಣ್ಣು ನಾಯಿಯಿಂದ ಈ ತಳಿ ಶುರುವಾಯಿತು ಅಂತ ಹೇಳುತ್ತಾರೆ. ನರಿ ಬಿಲಕ್ಕೆ ನುಗ್ಗಿದರೆ ಈ ಪುಟ್ಟ ನಾಯಿ ಅದರ ಹಿಂದೆಯೇ ನುಗ್ಗಬೇಕು, ಮಣ್ಣು ಕೆದರಬೇಕು, ಒಳಗೆ ನಿಂತು ಬೊಗಳಿ ನರಿಯನ್ನು ಹೊರಗೆ ಹಾಕಬೇಕು. ನೆಲದೊಳಗೆ ಹೋದ ಮೇಲೆ ಯಜಮಾನ ಕಾಣುವುದಿಲ್ಲ, ಅವನ ಮಾತು ಕೇಳುವುದಿಲ್ಲ. ಏನು ಮಾಡಬೇಕು ಅಂತ ನಾಯಿಯೇ ನಿರ್ಧಾರ ಮಾಡಬೇಕು. ಅಂಥ ನಾಯಿಗಳನ್ನೇ ಆರಿಸಿ ಆರಿಸಿ ತಲೆಮಾರುಗಟ್ಟಲೆ ಬೆಳೆಸಿದ್ದಾರೆ. ಈಗ ನಿಮ್ಮ ತುಳಸಿ ಕುಂಡ ನೋಡಿ. ಬೆಲ್ಲ ಮಾಡಿದ್ದು ಅವನ ಅಜ್ಜ ಮುತ್ತಜ್ಜಂದಿರ ಕೆಲಸ. ಗಿಡ್ಡ ಇದ್ದಾನೆ, ದೊಡ್ಡವನಾದ ಮೇಲೂ ಐದಾರು ಕಿಲೋ ಅಷ್ಟೇ ತೂಗುತ್ತಾನೆ ಅಂತ ಮಡಿಲಲ್ಲಿ ಮಲಗುವ ನಾಯಿ ಅಂದುಕೊಂಡು ತರುತ್ತಾರೆ. ಅಲ್ಲ. ಇವನು ಕೆಲಸಗಾರ. ಬಾಯಿಗೆ, ಕಾಲಿಗೆ, ಮೂಗಿಗೆ ನೀವು ಕೆಲಸ ಕೊಟ್ಟರೆ ಮನೆಗೆ ಇವನಷ್ಟು ಖುಷಿ ತರುವ ನಾಯಿ ಸಿಗುವುದು ಕಷ್ಟ. ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತಾನೆ.

ಪಕ್ಕದ ಮನೆಯವರ ಮಾತು ತಪ್ಪು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಿದ್ದು ನಿಜ. ಅದರಲ್ಲಿ ಪಿಟ್‌ಬುಲ್ ಟೆರಿಯರ್ ಇತ್ತು, ಜ್ಯಾಕ್ ರಸೆಲ್ ಇರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನೂ ರದ್ದು ಮಾಡಿತು. ಹೆಸರಲ್ಲಿ ಟೆರಿಯರ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಕಚ್ಚುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮರಿಗಳು ಕಚ್ಚುವುದರಲ್ಲಿ ಹದ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕೀರಲು ಕೂಗಿ ಆಟ ಬಿಟ್ಟು ಹೋಗುತ್ತದೆ. "ಇಷ್ಟು ಜೋರು ಬೇಡ" ಅಂತ ಹೀಗೆ ಗೊತ್ತಾಗುತ್ತದೆ. ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮ ಹೇಳುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ 45 ದಿನಕ್ಕೇ ಕೊಟ್ಟು ಕಳಿಸುವ ರೂಢಿ ಬೆಳೆದುಬಿಟ್ಟಿದೆ. ಬೆಲ್ಲ ಬಿಟ್ಟುಬಂದ ಆ ಪಾಠವನ್ನು ಈಗ ನಿಮ್ಮ ಮನೆಯವರು ಕಲಿಸಬೇಕು.

ಹೇಗೆ ಅಂದರೆ, ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಆಟ ನಿಲ್ಲಬೇಕು. ಕೂಗಾಟ ಬೇಡ, ಮೂತಿಗೆ ಹೊಡೆಯುವುದು ಬೇಡ. ಟೆರಿಯರ್ ಮೂತಿಗೆ ಹೊಡೆದರೆ ಅದು ಆಟ ಇನ್ನೂ ಜೋರಾಯಿತು ಅಂದುಕೊಳ್ಳುತ್ತದೆ, ಇಲ್ಲವೇ ಕೈ ಕಂಡರೆ ಹೆದರುತ್ತದೆ. ಎರಡೂ ಕೆಟ್ಟದ್ದೇ. ಎದ್ದು ಅರ್ಧ ನಿಮಿಷ ಬೇರೆ ಕಡೆ ಹೋಗಿ. ಬಂದು ಕಚ್ಚಲು ಬೇರೇನಾದರೂ ಕೊಡಿ. ಒದ್ದೆ ಬಟ್ಟೆ ಹೆಣೆದು ಫ್ರೀಜರ್‌ನಲ್ಲಿಟ್ಟರೆ ಸಾಕು, ಅವನಿಗೆ ತುಂಬಾ ಇಷ್ಟವಾಗುತ್ತದೆ. ಫ್ರಿಜ್‌ನಲ್ಲಿಟ್ಟ ದಪ್ಪ ಗಜ್ಜರಿಯೂ ಆಗುತ್ತದೆ, ನೀವು ಎದುರಿಗೆ ಕೂತಿದ್ದರೆ. ನಾಲ್ಕು ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ಆಗ ಕಚ್ಚುವುದು ಇನ್ನೂ ಜಾಸ್ತಿಯಾದರೆ ಗಾಬರಿಯಾಗಬೇಡಿ. ಆರೇಳು ತಿಂಗಳಿಗೆ 42 ಹಲ್ಲೂ ಬಂದು ಒಸಡಿನ ಕಿರಿಕಿರಿ ತಗ್ಗುತ್ತದೆ. ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಮಾತ್ರ ಇದು ಕೆಲಸ ಮಾಡುತ್ತದೆ. ನೀವು ಆಟ ನಿಲ್ಲಿಸಿ, ಯಜಮಾನರು ಕೈ ಬಿಟ್ಟು ಕಚ್ಚಿಸಿಕೊಂಡು ನಕ್ಕರೆ ಮರಿ ಏನು ಕಲಿಯಬೇಕು ಹೇಳಿ?

ನಾಲ್ಕು ವರ್ಷದ ಮಗನನ್ನು ಮತ್ತು ಬೆಲ್ಲನನ್ನು ಒಂದು ಕ್ಷಣವೂ ಇಬ್ಬರನ್ನೇ ಬಿಡಬೇಡಿ. ಇದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಗ ಓಡಿದರೆ, ಕಿರುಚಿದರೆ ಅದು ಟೆರಿಯರ್‌ಗೆ ಬೇಟೆಯ ಕರೆ. ಬೆಲ್ಲ ಬೆನ್ನು ಹತ್ತಿದಾಗ ಕೈ ಕಟ್ಟಿ ಅಲ್ಲಾಡದೆ ನಿಲ್ಲುವುದನ್ನು ಮಗನಿಗೆ ಆಟದ ಹಾಗೆ ಕಲಿಸಿ. ಅಕ್ಕ ಹೇಳಿಕೊಟ್ಟರೆ ಬೇಗ ಕಲಿಯುತ್ತಾನೆ. ಮಲಗಿದ ಮರಿಯನ್ನು, ಉಣ್ಣುವ ಮರಿಯನ್ನು ಮುಟ್ಟಬಾರದು ಅಂತಲೂ ಹೇಳಿಕೊಡಿ.

ಸಂಜೆಯ ಓಟ ಹುಚ್ಚಲ್ಲ. ರೇಬಿಸ್ ಬಂದ ನಾಯಿ ಹೀಗೆ ಖುಷಿಯಿಂದ ಐದು ನಿಮಿಷ ಸುತ್ತು ಹಾಕಿ, ನೀರು ಕುಡಿದು, ನಿಮ್ಮ ಕಾಲ ಬಳಿ ಬಂದು ಮಲಗುವುದಿಲ್ಲ. ಕೂಡಿಟ್ಟ ಕಸುವನ್ನು ಮರಿ ಹೀಗೆ ಹೊರಹಾಕುತ್ತದೆ. ಜಾಗ ಬಿಟ್ಟುಕೊಡಿ, ಚೂಪಾದ ಮೂಲೆಗಳ ಹತ್ತಿರ ದಿಂಬು ಇಡಿ, ನೋಡಿ ಖುಷಿಪಡಿ. ಆದರೆ ಒಂದು ವಿಷಯ ಗಮನಿಸಿ. ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಮಕ್ಕಳು ಶಾಲೆಯಿಂದ ಬಂದವರೇ ಮರಿಯನ್ನು ಎಬ್ಬಿಸುತ್ತಾರೆ, ರಾತ್ರಿಯವರೆಗೂ ಮಲಗಲು ಬಿಡುವುದಿಲ್ಲ. ನಿದ್ದೆಗೆಟ್ಟ ಮರಿ ಹಟಮಾರಿಯಾಗುತ್ತದೆ, ಕಚ್ಚುವುದೂ ಆಗಲೇ ಜಾಸ್ತಿ. ನಿಮ್ಮ ಮಗನಿಗೆ ಹಲ್ಲು ತಾಗಿದ್ದು ಸಂಜೆಯೇ ಇರಬೇಕು ಅಂತ ನನ್ನ ಊಹೆ. ಒಂದು ಮೂಲೆಯಲ್ಲಿ ರಟ್ಟಿನ ಡಬ್ಬಿಯೋ ಕ್ರೇಟೋ ಇಟ್ಟು, ಅಲ್ಲಿಗೆ ಹೋದರೆ ಯಾರೂ ಮುಟ್ಟಬಾರದು ಅಂತ ನಿಯಮ ಮಾಡಿ. ರಾತ್ರಿ ಆ ಡಬ್ಬಿ ನಿಮ್ಮ ಮಂಚದ ಪಕ್ಕಕ್ಕೆ ಬರಲಿ. "ಅಳಲಿ ಬಿಡಿ, ರೂಢಿಯಾಗುತ್ತದೆ" ಅನ್ನುವ ಮಾತು ಕೇಳಬೇಡಿ.

ಅಗೆಯುವುದನ್ನು ನಿಲ್ಲಿಸುವುದು ಆಗದ ಕೆಲಸ. ಜಾಗ ಬದಲಿಸಬಹುದು. ತುಳಸಿಯನ್ನು ಎತ್ತರದ ಕಟ್ಟೆ ಮೇಲಿಡಿ. ಅಂಗಳದ ಮೂಲೆಯಲ್ಲಿ ಹಳೆಯ ಸಿಮೆಂಟ್ ತೊಟ್ಟಿಗೆ ಮರಳು ತುಂಬಿ, ಅದರೊಳಗೆ ಆಟಿಕೆ, ನಾಲ್ಕು ಕಾಳು ತಿಂಡಿ ಹೂತಿಡಿ. ಮಗಳ ಕೈಯಲ್ಲಿ ಹೂಳಿಸಿ. ಬೆಲ್ಲ ಮೂಗಿನಿಂದ ಹುಡುಕಿ, ಮರಳು ಹಾರಿಸಿ, ಸಿಕ್ಕಿದ್ದನ್ನು ಬಾಯಲ್ಲಿ ಹಿಡಿದು ಮೆರೆಯುತ್ತಾ ಬರುವುದನ್ನು ಒಮ್ಮೆ ನೋಡಿ. ನಿಮ್ಮ ಅತ್ತೆಯೂ ನಗುತ್ತಾರೆ. ಹತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಮರಿ ಚೆನ್ನಾಗಿ ದಣಿಯುತ್ತದೆ. ಕೂರು, ಬಾ, ಬಿಡು ಅನ್ನುವ ಮಾತುಗಳನ್ನೂ ಎರಡು ಮೂರು ನಿಮಿಷದ ಪಾಠವಾಗಿ ದಿನಕ್ಕೆ ನಾಲ್ಕೈದು ಸಲ ಕಲಿಸಿ. ಟೀಚರ್‌ಗೆ ನಾನೇನು ಹೇಳಿಕೊಡಲಿ, ಪುಟ್ಟ ಪಾಠ, ತಕ್ಷಣ ಶಹಬ್ಬಾಸ್.

ಲಸಿಕೆ ವಿಷಯದಲ್ಲಿ ತಡವಾಗಿದೆ. ಕಾರ್ಡ್ ಇಲ್ಲ, ಬಾಟಲಿಯ ಸ್ಟಿಕ್ಕರ್ ಇಲ್ಲ ಅಂದರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ. ಈ ವಾರವೇ ಹಾಕಿಸಿ. ಪಾರ್ವೊ (ವಾಂತಿ, ರಕ್ತಭೇದಿಯ ರೋಗ), ಡಿಸ್ಟೆಂಪರ್, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಈ ಎಲ್ಲ ರೋಗಗಳಿಗೂ ಸೇರಿದ ಲಸಿಕೆ ಇದೆ. ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ ಹಾಕಿಸಬೇಕು. ಮೂರು ತಿಂಗಳು ತುಂಬಿದ ಮೇಲೆ ರೇಬಿಸ್‌ದು. "ಇಷ್ಟು ಸಲ ಯಾಕೆ, ದುಡ್ಡಿಗಾ?" ಅಂತ ಕೇಳುತ್ತಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಯಾವ ಮರಿಗೆ ಯಾವ ವಾರ ಮುಗಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಯೂ ಮನೆಯೊಳಗೆ ಬರುತ್ತದೆ. ಮನೆಯೊಳಗಿನ ನಾಯಿಗೆ ಇಂಜೆಕ್ಷನ್ ಯಾಕೆ ಅನ್ನುವವರಿಗೆ ಇದೇ ಉತ್ತರ. ಇಲಿ ಹಿಡಿಯುವ ತಳಿಯಾದ್ದರಿಂದ ಲೆಪ್ಟೊ ಲಸಿಕೆ ಇವನಿಗೆ ಇನ್ನೂ ಮುಖ್ಯ, ಆ ರೋಗ ಇಲಿ ಮೂತ್ರದಿಂದಲೂ ಹರಡುತ್ತದೆ.

ಹಾಗಂತ ನಾಲ್ಕು ತಿಂಗಳಾಗುವ ತನಕ ಬಾಗಿಲು ಹಾಕಿ ಕೂಡಿಡಬೇಡಿ. ಮರಿಯ ಮನಸ್ಸು ಲೋಕಕ್ಕೆ ತೆರೆದಿರುವುದು ಸುಮಾರು 14 ವಾರದವರೆಗೆ. ಆಗ ನೋಡದ್ದನ್ನು ಮುಂದೆ ಶತ್ರು ಅಂದುಕೊಂಡು ಬೊಗಳುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡು ತಿರುಗಾಡಿಸಿ. ಬೆಳಿಗ್ಗೆ ನಮ್ಮೂರ ಅಪ್ಪನ ಕೆರೆ ಕಡೆ ಹೋಗಿ ಒಂದು ಕಡೆ ನಿಂತುಕೊಳ್ಳಿ. ಆಟೊ, ಎಮ್ಮೆ, ತರಕಾರಿ ಬಂಡಿ, ರುಮಾಲು ಸುತ್ತಿದ ಅಜ್ಜ, ಬುರ್ಖಾ ಹಾಕಿದ ಅಕ್ಕ, ಗುಡಿಯ ಗಂಟೆ, ಮಸೀದಿಯ ಆಜಾನ್ ಎಲ್ಲವನ್ನೂ ನಿಮ್ಮ ತೋಳಲ್ಲಿ ಕೂತು ನೋಡಲಿ, ಕೇಳಲಿ. ಪ್ರತಿ ಹೊಸದಕ್ಕೂ ಒಂದು ಚೂರು ತಿಂಡಿ. ಮರಿ ಸಾಕುವುದರಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಇದು. ಅದರ ಕಿವಿ ನಿಮಿರುವುದು, ಮೂಗು ಅಲ್ಲಾಡುವುದು, ಹೆದರಿಕೆ ಹೋಗಿ ಕುತೂಹಲ ಬರುವುದು, ಎಲ್ಲ ನಿಮ್ಮ ಕೈಯಲ್ಲೇ ಆಗುತ್ತದೆ. ಈ ವಾರಗಳು ಮತ್ತೆ ಬರುವುದಿಲ್ಲ ಟೀಚರ್. ಬೀದಿ ನಾಯಿಗಳು ಓಡಾಡುವ ಜಾಗದಲ್ಲಂತೂ ಕೆಳಗೆ ಇಳಿಸಲೇಬೇಡಿ.

ಅತ್ತೆಯವರ ಮಾತು. ಕೂದಲು ಹೊಟ್ಟೆಗೆ ಹೋದರೆ ರೋಗ ಬರುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಆದರೆ ಅವರ ಭಯ ಪೂರ್ತಿ ಸುಳ್ಳಲ್ಲ. ಮರಿಯ ಕಕ್ಕಸಿನಲ್ಲಿ ಜಂತುಹುಳುವಿನ ಮೊಟ್ಟೆ ಇರುತ್ತದೆ, ಮಣ್ಣಿನಲ್ಲಿ ಆಡಿದ ಮಗುವಿನ ಕೈಯಿಂದ ಬಾಯಿಗೆ ಹೋಗಬಹುದು. ಅದಕ್ಕೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧಿ ಕೊಡಿ. ಕಕ್ಕಸು ತಕ್ಷಣ ಎತ್ತಿ ಹಾಕಿ, ಮಕ್ಕಳು ಕೈ ತೊಳೆಯಲಿ. ಅತ್ತೆಯವರಿಗೂ ಇದನ್ನೇ ಹೇಳಿ, ಸಮಾಧಾನವಾಗುತ್ತದೆ.

ಭೇದಿಗೆ ಹಾಲೇ ಕಾರಣ ಇರಬಹುದು. ತಾಯಿ ಹಾಲು ಬಿಟ್ಟ ಮರಿಗಳಿಗೆ ಹಸು, ಎಮ್ಮೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. "ಹಾಲು ರೊಟ್ಟಿ ತಿಂದೇ ನಮ್ಮ ಊರಾಗಿನ ನಾಯಿ ಬೆಳದಾವ" ಅಂತ ನನಗೂ ಹೇಳುತ್ತಾರೆ. ಬೆಳೆದವು ಕಣ್ಣಿಗೆ ಕಾಣುತ್ತವೆ, ಬೆಳೆಯದೆ ಹೋದವು ಲೆಕ್ಕಕ್ಕೆ ಸಿಗುವುದಿಲ್ಲ. ಜೋಳದ ರೊಟ್ಟಿ ವಿಷವಲ್ಲ, ಆದರೆ ಬೆಳೆಯುವ ಎಲುಬಿಗೆ, ಮಾಂಸಖಂಡಕ್ಕೆ ಅದು ಸಾಲದು. ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಒಪ್ಪಂದ ಅಂದರೆ ಅಂಗಡಿಯ ಪಪ್ಪಿ ಫುಡ್. ಅದರಲ್ಲಿ ಮಾಂಸದ ಪುಡಿ ಇರುತ್ತದೆ, ಆದರೆ ಅಡುಗೆಮನೆಯಲ್ಲಿ ಏನನ್ನೂ ಬೇಯಿಸಬೇಕಾಗಿಲ್ಲ. ಬಟ್ಟಲು ಹೊರಗೆ ಪಡಸಾಲೆಯಲ್ಲಿರಲಿ. ಅದೂ ಬೇಡ ಅಂದರೆ ಸಸ್ಯಾಹಾರಿ ಊಟ ಸಾಧ್ಯ, ಆದರೆ ಮರಿಯ ವಯಸ್ಸಿನಲ್ಲಿ ಅದರ ಸಮತೋಲನ ಕಷ್ಟ. ಡಾಕ್ಟರ್ ಹತ್ತಿರ ಲೆಕ್ಕ ಬರೆಸಿಕೊಳ್ಳದೆ ಮಾಡಬೇಡಿ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಹಳೆಯ ಊಟದಿಂದ ಹೊಸದಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬಳ್ಳೊಳ್ಳಿ ಹಾಕಿದ ಶೇಂಗಾ ಚಟ್ನಿ ಪುಡಿ ಹಚ್ಚಿದ ರೊಟ್ಟಿ ಚೂರು ಕೂಡ ಮಗನ ತಟ್ಟೆಯಿಂದ ಬೀಳಬಾರದು.

ಉಚ್ಚೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು, ಯಾಕಂದರೆ ನಮ್ಮೂರಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ. ವಾಸನೆ ಹೋಗಲಿ ಅಂತ ವಿನೆಗರ್ ಹಾಕಲು ಮೊಬೈಲ್ ವಿಡಿಯೊಗಳಲ್ಲಿ ಹೇಳುತ್ತಾರೆ. ಇದು ಸುಣ್ಣದ ಕಲ್ಲು, ಹುಳಿ ಬಿದ್ದರೆ ಕಲೆಯಾಗುತ್ತದೆ. ಅಡುಗೆ ಸೋಡಾ ಸಾಕು. ಫಿನೈಲ್ ಒರೆಸಿದರೆ ನೆಲ ಒಣಗುವ ತನಕ ಮರಿಯನ್ನು ಬಿಡಬೇಡಿ, ಕಾಲು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ. ಅಷ್ಟು ಮಾಡಿದರೆ ಒಂದೆರಡು ತಿಂಗಳಲ್ಲಿ ಕಲಿಯುತ್ತಾನೆ.

ಬೇಸಿಗೆಗೆ ನಿಮ್ಮ ಆ ಕಲ್ಲಿನ ನೆಲವೇ ದೊಡ್ಡ ವರ. ಬೆಲ್ಲ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತಾನೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಮಾಮೂಲು. ನಾಯಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಟೆರಿಯರ್‌ದು ಇನ್ನೊಂದು ತೊಂದರೆ, ಸಾಕು ಅಂತ ಅದಕ್ಕೆ ತಾನಾಗಿ ಅನಿಸುವುದಿಲ್ಲ. ಬಿಸಿಲಲ್ಲೂ ಚೆಂಡು ಎಸೆದಷ್ಟು ಸಲ ಓಡುತ್ತದೆ. ನಿಲ್ಲಿಸುವುದು ನಿಮ್ಮ ಕೆಲಸ. ಬೆಳಿಗ್ಗೆ ಏಳರೊಳಗೆ ಮತ್ತು ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಗೆ. ಕೈಯ ಹಿಂಭಾಗವನ್ನು ರಸ್ತೆ ಮೇಲಿಟ್ಟು ಏಳು ಎಣಿಸಲು ಆಗದಿದ್ದರೆ ಅವನ ಪಾದವೂ ಸುಡುತ್ತದೆ. ವಿಪರೀತ ತೇಕು, ಜೊಲ್ಲು, ತೂರಾಟ ಕಂಡರೆ ನಲ್ಲಿ ನೀರು ಸುರಿದು, ಫ್ಯಾನ್ ಕೆಳಗಿಟ್ಟು, ಹಾಗೇ ಆಸ್ಪತ್ರೆಗೆ ಓಡಿ.

ಈಗ ಯಜಮಾನರ ಮಾತು. ಹೊಲದಲ್ಲಿ ನಾಯಿ ಸುಖವಾಗಿರುತ್ತದೆ ಅನ್ನುವುದು ಎಲ್ಲರಿಗೂ ಅನಿಸುತ್ತದೆ. ಅಲ್ಲಿ ದಿನವೂ ಜನ ಇದ್ದು, ನೋಡಿಕೊಂಡು, ಲಸಿಕೆಗೆ ಕರೆತರುವವರಿದ್ದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಎರಡೂವರೆ ತಿಂಗಳ ಮರಿ, ಅದರಲ್ಲೂ ಟೆರಿಯರ್, ಕಂಡ ಬಿಲಕ್ಕೆಲ್ಲ ಮೂಗು ಹಾಕುತ್ತದೆ. ಹಾವು ಕಂಡರೆ ಹಿಂದೆ ಸರಿಯುವುದಿಲ್ಲ, ಮೇಲೆ ಬೀಳುತ್ತದೆ. ತೊಗರಿಗೆ ಹೊಡೆಯುವ ಔಷಧಿ, ಇಲಿ ಪಾಷಾಣ, ಪಾಷಾಣ ತಿಂದು ಸತ್ತ ಇಲಿ ಎಲ್ಲವೂ ಅಪಾಯ. ಉಣ್ಣಿ ಹತ್ತಿದರೆ ಉಣ್ಣಿ ಜ್ವರ ಬರುತ್ತದೆ, ದನಕ್ಕೆ ಹಚ್ಚುವ ಉಣ್ಣಿ ಔಷಧಿಯನ್ನೇ ಮರಿಗೂ ಹಚ್ಚಿದರೆ ಜೀವಕ್ಕೇ ಕುತ್ತು. ಹಾಗಂತ ಕಟ್ಟಿಹಾಕಿದರೆ ದಿನವಿಡೀ ಬೊಗಳುವ, ಮುಟ್ಟಲು ಬಿಡದ ನಾಯಿಯಾಗುತ್ತದೆ. ಮಾರಿದವರಿಗೆ ವಾಪಸ್ ಕೊಟ್ಟರೆ ಲಸಿಕೆ ಇಲ್ಲದೆ ಮತ್ತೆ ಹತ್ತು ಮರಿಗಳ ನಡುವೆ ಸೇರುತ್ತಾನೆ, ಯಾರ ಕೈಗೆ ಹೋಗುತ್ತಾನೋ ಗೊತ್ತಾಗುವುದಿಲ್ಲ. ಮೂರನೆಯದು, ಸಾಕಿದ ಅನುಭವ ಇರುವ ಪರಿಚಯದ ಮನೆಗೆ ಕೊಡುವುದು. ನಿಮ್ಮ ಮನೆಯಲ್ಲಿ ದಿನಕ್ಕೆ ಒಂದು ಒಂದೂವರೆ ಗಂಟೆ ಇವನಿಗೆ ಕೊಡುವವರು ನಿಜವಾಗಿ ಯಾರೂ ಇಲ್ಲದಿದ್ದರೆ ಅದು ಒಳ್ಳೆಯ ದಾರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ತಳಿ 13ರಿಂದ 16 ವರ್ಷ ಬದುಕುತ್ತದೆ. ಮಗಳು ಕಾಲೇಜು ಮುಗಿಸುವ ತನಕದ ಮಾತು ಇದು, ಗಂಡ ಹೆಂಡತಿ ಕೂತು ಯೋಚಿಸಿ.

ನನ್ನನ್ನು ಕೇಳಿದರೆ, ಇಟ್ಟುಕೊಳ್ಳಿ. ನೀವು ಬರೆದ ನಡವಳಿಕೆಯಲ್ಲಿ ರೋಗವೂ ಇಲ್ಲ, ಕ್ರೂರತನವೂ ಇಲ್ಲ. ಆರೋಗ್ಯವಾದ, ಚುರುಕಾದ ಟೆರಿಯರ್ ಮರಿ ಹೇಗಿರಬೇಕೋ ಬೆಲ್ಲ ಹಾಗೇ ಇದ್ದಾನೆ. ಹೇಳಿದ್ದನ್ನು ಎರಡು ತಿಂಗಳು ಮನೆಯವರೆಲ್ಲ ಸೇರಿ ಮಾಡಿ, ಆಮೇಲೂ ಆಗುವುದಿಲ್ಲ ಅನಿಸಿದರೆ ಆಗ ಒಳ್ಳೆಯ ಮನೆ ಹುಡುಕೋಣ.

ಊಟ ಬಿಟ್ಟು, ವಾಂತಿಯಾಗಿ, ರಕ್ತ ಬೆರೆತ ನಾರುವ ಭೇದಿ ಶುರುವಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಪಾರ್ವೊ ಆಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಮರಿ ಸೊರಗುತ್ತದೆ. ಕೇಸು ಗಂಭೀರವಾಗಿ ದೊಡ್ಡ ಆಸ್ಪತ್ರೆ ಬೇಕಾದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜು ಇದೆ. ಆದರೆ ಮೊದಲು ಇಲ್ಲೇ ಸಲೈನ್ ಹಚ್ಚಿಸಿ, ಆಮೇಲೆ ಹೊರಡಿ. ಲಸಿಕೆಗೆ ಹೋಗುವಾಗ ಸಣ್ಣ ಡಬ್ಬಿಯಲ್ಲಿ ಅವತ್ತಿನ ಕಕ್ಕಸು ತೆಗೆದುಕೊಂಡು ಹೋಗಿ, ಜಂತು ಇದೆಯಾ ನೋಡುತ್ತಾರೆ. ಮಗಳನ್ನೂ ಕರೆದುಕೊಂಡು ಹೋಗಿ. ಕಿವಿ ನೋಡುವುದು, ಬೆರಳ ಸಂದಿನಲ್ಲಿ ಉಣ್ಣಿ ಹುಡುಕುವುದು, ಮಾತ್ರೆ ನುಂಗಿಸುವುದು ಹೇಗೆ ಅಂತ ಅವಳಿಗೆ ತೋರಿಸಲು ಡಾಕ್ಟರ್‌ಗೆ ಹೇಳಿ. ಲಸಿಕೆ ಕಾರ್ಡ್ ಅವಳ ಹತ್ತಿರವೇ ಇರಲಿ, ಮುಂದಿನ ತಾರೀಖು ಅವಳು ಮರೆಯುವುದಿಲ್ಲ.